ಗ್ಲೆನ್‌ಡ್ರೊನಾಕ್ 12, ಗ್ಲೆನ್‌ಫಾರ್ಕ್ಲಸ್ 15: ಯಾವುದು ನಿಮಗೆ?

ಎರಡೂ ಸ್ಕಾಟ್ಲೆಂಡಿನ ವಿಸ್ಕಿಗಳು, ಹೆಸರಿನಲ್ಲಿರುವ ಅಂಕಿ ಮಾಗಿದ ವರ್ಷಗಳದು. ಸಿಹಿ ಇಷ್ಟವಿದ್ದರೆ ಗ್ಲೆನ್‌ಡ್ರೊನಾಕ್ 12. ಮದ್ಯಸಾರ ಶೇ. 43, ಪೆದ್ರೊ ಹಿಮೆನೆಥ್, ಒಲೊರೊಸೊ ಎರಡೂ ಬಗೆಯ ಶೆರಿ (ಸ್ಪೇನಿನ ವೈನ್) ಪೀಪಾಯಿಗಳಲ್ಲಿ ಮಾಗಿದ್ದು. ಒಣದ್ರಾಕ್ಷಿಯ ಗಾಢ ಸಿಹಿ ಪೆದ್ರೊ ಹಿಮೆನೆಥ್‌ನ ಕೊಡುಗೆ. ಆ ಶೆರಿಗೆ ದ್ರಾಕ್ಷಿಯನ್ನು ಬಿಸಿಲಲ್ಲಿ ಒಣಗಿಸಿಯೇ ಹಿಂಡುತ್ತಾರೆ. 1826ರ ಈ ಡಿಸ್ಟಿಲರಿ 2005ರವರೆಗೂ ಕಲ್ಲಿದ್ದಲ ಬೆಂಕಿಯಲ್ಲಿ ಬಟ್ಟಿ ಇಳಿಸುತ್ತಿತ್ತು.

1865ರಿಂದ ಗ್ರಾಂಟ್ ಕುಟುಂಬದ ಕೈಯಲ್ಲಿರುವ ಗ್ಲೆನ್‌ಫಾರ್ಕ್ಲಸ್‌ನಲ್ಲಿ ಸ್ಟಿಲ್‌ಗಳ (ಬಟ್ಟಿ ಇಳಿಸುವ ಪಾತ್ರೆಗಳ) ಕೆಳಗೆ ಇಂದಿಗೂ ನೇರ ಉರಿ, ಅದು ಗ್ಯಾಸಿನದು. ತಳ ಹತ್ತದಂತೆ ಒಳಗೆ ತಾಮ್ರದ ಸರಪಳಿ ತಿರುಗುತ್ತದೆ. ಇದರ 15 ವರ್ಷದ್ದು ಶೇ. 46, ಒಲೊರೊಸೊ ಪೀಪಾಯಿಯದು, ಸಿಹಿ ಹಿತಮಿತ, ಮೈ ತುಂಬಿದ ರುಚಿ. ಒಂದೇ ಬಾಟಲಿ ಕೊಳ್ಳುವುದಾದರೆ ಇದನ್ನೇ ಕೊಳ್ಳಿ.

ಅರ್ಧ ಚಮಚ ನೀರು ಹಾಕಿ 10 ನಿಮಿಷ ಬಿಡಿ. ಐಸ್ ಬೇಡ, ಪರಿಮಳ ಮುದುಡುತ್ತದೆ. ಬಾಟಲಿ ನೆಟ್ಟಗಿರಲಿ, ಮಲಗಿಸಿಟ್ಟರೆ ಮದ್ಯಸಾರ ಕಾರ್ಕನ್ನು ತಿನ್ನುತ್ತದೆ.