ಪೋಷಕರ ತರಬೇತಿ: ಮನೆಭೇಟಿ ಇದ್ದರೆ ಸೇರಿ, ಬರೀ ಭಾಷಣವಾದರೆ ಬೇಡ

ಎರಡೂವರೆ ವರ್ಷವಾದರೂ ಮಾತು ಬಾರದ, ಕರೆದರೆ ತಿರುಗಿ ನೋಡದ ಮಗು ಮನೆಯಲ್ಲಿದ್ದರೆ ತಂದೆತಾಯಿ ಯಾವ ಶಿಬಿರಕ್ಕಾದರೂ ದುಡ್ಡು ಕಟ್ಟಲು ತಯಾರಿರುತ್ತಾರೆ. ಕಟ್ಟುವ ಮೊದಲು ವಿಶ್ವ ಆರೋಗ್ಯ ಸಂಸ್ಥೆಯ ‘ಕೇರ್‌ಗಿವರ್ ಸ್ಕಿಲ್ಸ್ ಟ್ರೇನಿಂಗ್’ ಎಂಬ ಪೋಷಕರ ತರಬೇತಿ ಹೇಗಿದೆ ಎಂದು ತಿಳಿದುಕೊಂಡರೆ ಉಳಿದವುಗಳನ್ನು ಅಳೆಯುವುದು ಸುಲಭ. ಬೆಳವಣಿಗೆ ನಿಧಾನವಾಗಿರುವ ಅಥವಾ ಆಟಿಸಂನಂಥ ತೊಂದರೆ ಇರುವ 2ರಿಂದ 9 ವರ್ಷದ ಮಕ್ಕಳ ಮನೆಯವರಿಗಾಗಿ ಇದನ್ನು ರೂಪಿಸಿದ್ದಾರೆ. 9 ಗುಂಪು ತರಗತಿ, 3 ಮನೆಭೇಟಿ. ನಡೆಸಿಕೊಡಲು ತಜ್ಞ ವೈದ್ಯರೇ ಬೇಕಿಲ್ಲ, ತರಬೇತಿ ಪಡೆದ ಶಿಕ್ಷಕಿ ಅಥವಾ ಆರೋಗ್ಯ ಕಾರ್ಯಕರ್ತೆ ಸಾಕು.

ಇದರ ಜೀವಾಳ ಆ ಮೂರು ಮನೆಭೇಟಿ. ತರಗತಿಯಲ್ಲಿ ‘ಮಗುವಿನ ಆಟವನ್ನು ನೀವು ಹಿಂಬಾಲಿಸಿ’ ಎಂದಾಗ ಎಲ್ಲರೂ ತಲೆಯಾಡಿಸುತ್ತಾರೆ. ಮನೆಗೆ ಬಂದು ನೋಡಿದರೆ ಅಮ್ಮ ಮಗುವಿನ ಬೆನ್ನ ಹಿಂದೆ ಕೂತು ‘ಇದೇನು? ಇದು ಯಾವ ಬಣ್ಣ?’ ಎಂದು ಸಾಲುಸಾಲಾಗಿ ಕೇಳುತ್ತಿರುತ್ತಾರೆ. ಉತ್ತರ ಗೊತ್ತಿಲ್ಲದ ಮಗು ಎದ್ದು ಹೋಗುತ್ತದೆ. ಎದುರಿಗೆ, ಅದರ ಕಣ್ಣಿನ ಮಟ್ಟಕ್ಕೆ ಕೂರಬೇಕು, ಟಿವಿ ಆರಿಸಬೇಕು, ಎರಡೇ ಸಾಮಾನು ತೋರಿಸಿ ಯಾವುದು ಬೇಕೆಂದು ಆರಿಸಲು ಬಿಡಬೇಕು, ಆಮೇಲೆ ಬಾಯಿಮುಚ್ಚಿ ಕಾಯಬೇಕು. ಕಾಯುವುದೇ ಎಲ್ಲಕ್ಕಿಂತ ಕಷ್ಟ, ಪಕ್ಕದಲ್ಲಿ ಯಾರಾದರೂ ಇದ್ದು ತಡೆಯದಿದ್ದರೆ ದೊಡ್ಡವರು ನಡುವೆ ಬಾಯಿ ಹಾಕಿಯೇ ಹಾಕುತ್ತಾರೆ.

ಮಾತು ಕಲಿಸುವ ಭಾಗ ಸರಳವಾಗಿದೆ: ಮಗು ಹೇಳಿದ್ದಕ್ಕಿಂತ ಒಂದೇ ಪದ ಹೆಚ್ಚು ಹೇಳಿ. ಅದು ‘ನೀರ್’ ಎಂದರೆ ನೀವು ‘ನೀರ್ ಬೋಡು’ (ನೀರು ಬೇಕು) ಎನ್ನಿ. ಹೌದು, ತುಳುವಿನಲ್ಲೇ. ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ, ಅಂಗನವಾಡಿಯಲ್ಲಿ ಕನ್ನಡ ಇರುವುದರಿಂದಲೇ ಮಾತು ತಡವಾಯಿತು ಎಂದು ಹೆದರಿಸಿ ಮನೆಭಾಷೆ ಬಿಡಿಸುವವರು ಕರಾವಳಿಯಲ್ಲಿ ಈಗಲೂ ಇದ್ದಾರೆ. ಎರಡು ಭಾಷೆಯಿಂದ ಮಾತು ಕುಂಠಿತವಾಗುವುದಿಲ್ಲ. ಅಜ್ಜಿಗೆ ಸರಾಗವಾಗಿ ಬರುವ ಭಾಷೆಯನ್ನು ಕಿತ್ತುಕೊಂಡರೆ ಮಗುವಿಗೆ ಕೇಳಿಸುವ ಮಾತೇ ಕಡಿಮೆಯಾಗುತ್ತದೆ. ಇಂಥ ಸಲಹೆ ಕೊಡುವ ಶಿಬಿರವನ್ನು ದೂರವಿಡಿ.

ದುಬಾರಿ ಆಟಿಕೆ ಬೇಕಿಲ್ಲ. ಬಸಳೆ ಎಲೆ ಬಿಡಿಸುವುದು, ಕೈಕಾಲು ತೊಳೆಯುವುದು ಇವೇ ಪಾಠ. ಕೈ ತೊಳೆಯುವುದನ್ನು ನಲ್ಲಿ ತಿರುಗಿಸು, ಸೋಪು ತೆಗೆದುಕೋ, ಉಜ್ಜು, ನೀರು ಹಾಕು, ಒರೆಸಿಕೋ ಎಂದು ಒಡೆದು, ಒಂದು ಸಲಕ್ಕೆ ಒಂದೇ ಹೆಜ್ಜೆ ಕಲಿಸಬೇಕು. ಮಾಡಿದ ತಕ್ಷಣ ‘ಸೋಪು ನೀನೇ ತೆಗೆದೆ!’ ಎಂದು ಮಾಡಿದ್ದನ್ನೇ ಹೆಸರಿಸಿ ಹೊಗಳಬೇಕು. ಬರೀ ‘ಗುಡ್’ ಎಂದರೆ ಯಾವುದಕ್ಕೆಂದು ಮಗುವಿಗೆ ತಿಳಿಯದು.

ಹೆಚ್ಚಿನವರು ಸೋಲುವುದು ರಚ್ಚೆಯ ವಿಷಯದಲ್ಲಿ. ಮೊಬೈಲಿಗಾಗಿ ಅಳುವ ಮಗುವಿಗೆ ಕೊಡುವುದನ್ನು ನಿಲ್ಲಿಸಿದರೆ ಅಳು ಮೊದಲು ಜೋರಾಗುತ್ತದೆ, ಆಮೇಲಷ್ಟೇ ಇಳಿಯುತ್ತದೆ. ಜೋರಾದ ಹೊತ್ತಿಗೇ ಅಜ್ಜಿ ಕರಗಿ ಕೊಟ್ಟುಬಿಟ್ಟರೆ ಇಷ್ಟು ಕಿರುಚಿದರೆ ಸಿಗುತ್ತದೆ ಎಂದು ಮಗು ಕಲಿಯುತ್ತದೆ. ತಪ್ಪು ಅಜ್ಜಿಯದಲ್ಲ, ಅವರನ್ನು ತರಗತಿಗೆ ಕರೆಯದವರದು. ಅಪ್ಪ ಗಲ್ಫಿನಲ್ಲಿ, ಅಮ್ಮ ಕೆಲಸದಲ್ಲಿ ಇರುವ ಮನೆಗಳಲ್ಲಿ ಮಗುವಿನ ಇಡೀ ದಿನ ಅಜ್ಜಿಯ ಕೈಯಲ್ಲೇ ಇರುತ್ತದಲ್ಲ. ತಲೆ ಬಡಿದುಕೊಳ್ಳುವಂಥ ಅಪಾಯವಿದ್ದರೆ ಮಾತ್ರ ಸುಮ್ಮನಿರುವ ಹಾಗಿಲ್ಲ, ಮೊದಲು ಮಗುವಿನ ರಕ್ಷಣೆ.

ಇತಿಮಿತಿಗಳೂ ಇವೆ. ಇದು ಸ್ಪೀಚ್ ಥೆರಪಿಗೆ ಬದಲಿಯಲ್ಲ. ಮಾತು ಬಾರದ ಮಗುವಿಗೆ ಮೊದಲು ಕಿವಿ ಪರೀಕ್ಷೆ ಆಗಲೇಬೇಕು, ಸರಿಯಾಗಿ ಕೇಳಿಸದ ಮಗುವಿಗೆ ಈ ಪಾಠಗಳಷ್ಟೇ ಸಾಲವು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗೆ ತಪಾಸಣೆ ಉಚಿತ, ಅಂಗನವಾಡಿಯಲ್ಲಿ ವಿಚಾರಿಸಿ. ತರಬೇತಿಯ ಉಚಿತ ಆನ್‌ಲೈನ್ ರೂಪ 2022ರಲ್ಲಿ ಬಂತು. ಕಲಿತದ್ದನ್ನು ನೆನಪಿಸಿಕೊಳ್ಳಲು ಅದು ಚೆನ್ನಾಗಿದೆ, ಆದರೆ ನೀವು ಆಡಿಸುವುದನ್ನು ಅದು ನೋಡಿ ತಿದ್ದುವುದಿಲ್ಲ.

ನಿಮ್ಮೂರಿನ ಯಾವುದೇ ಶಿಬಿರಕ್ಕೆ ಫೀಸು ಕಟ್ಟುವ ಮೊದಲು ಇಷ್ಟು ಕೇಳಿ: ನಾನು ಮಗುವಿನ ಜೊತೆ ಆಡುವುದನ್ನು ಯಾರು, ಎಷ್ಟು ಸಲ ನೋಡುತ್ತಾರೆ? ಅಜ್ಜಿಯೂ ಬರಬಹುದೇ? ಜುಲೈ ಮಳೆಗೆ ತರಗತಿ ತಪ್ಪಿದರೆ ಆ ಪಾಠ ಮತ್ತೆ ಸಿಗುತ್ತದೆಯೇ? ಮೊದಲನೆಯದಕ್ಕೆ ಸ್ಪಷ್ಟ ಉತ್ತರ ಸಿಗದಿದ್ದರೆ ಹಣ ಕಟ್ಟಬೇಡಿ.