ಸ್ಯಾಟಲೈಟ್ ಇಂಟರ್ನೆಟ್ ಅಂತ ಡಿಶ್ ಮಾರಲು ಬಂದವರಿಗೆ ಹಣ ಕೊಡಬೇಡಿ: ಗಾಳಿಬೀಡು ಕಡೆಯ ನಮ್ಮ ಅನುಭವ

ಕೊಡಗಿನಲ್ಲಿ ತೋಟದ ಮನೆಯಲ್ಲಿ ಇರುವವರು, ಅದರಲ್ಲೂ ರೇಂಜ್ ಸಿಗದ ಕಡೆ ಇರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ನಾವು 53,000 ರೂಪಾಯಿ ಕಳೆದುಕೊಂಡೆವು. ಹಣ ಹೋದರೆ ಮುಂದಿನ ಫಸಲಿಗೆ ಹೇಗೋ ಸರಿಮಾಡಿಕೊಳ್ಳಬಹುದು. ಆದರೆ ಜುಲೈ ತಿಂಗಳ ಒಂದು ರಾತ್ರಿ ನಮ್ಮ ಅತ್ತೆಯವರ ಜೀವವೇ ಹೋಗುವುದರಲ್ಲಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆ ಮಡಿಕೇರಿ ಹತ್ತಿರದ ಗಾಳಿಬೀಡಿನಿಂದ ಇನ್ನೂ ಒಳಗೆ. ಮೊಬೈಲಿನಲ್ಲಿ ಮಾತಾಡಬೇಕೆಂದರೆ ಕಾಫಿ ಕಣದ ಮೂಲೆಗೆ ಹೋಗಿ ನಿಲ್ಲಬೇಕು, ಅದೂ ಕರೆಂಟ್ ಇದ್ದರೆ. ಮರ ಬಿದ್ದು ಲೈನ್ ಹೋಯಿತೆಂದರೆ ಟವರಿನ ಬ್ಯಾಟರಿ ಕೆಲವು ಗಂಟೆ ಎಳೆಯುತ್ತದೆ, ಆಮೇಲೆ ಫೋನು ಬರೀ ಗಡಿಯಾರ. 2018ರ ಆಗಸ್ಟನ್ನು ನಾವ್ಯಾರೂ ಮರೆತಿಲ್ಲ. ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡ ಜರಿದಾಗ ನನ್ನ ತಂಗಿಯ ಮನೆಯವರು ಬದುಕಿದ್ದಾರೋ ಇಲ್ಲವೋ ಎಂದು ತಿಳಿಯಲು ಎರಡು ದಿನ ಬೇಕಾಯಿತು. 2020ರಲ್ಲಿ ತಲಕಾವೇರಿಯ ಬೆಟ್ಟ ಕುಸಿದ ಸುದ್ದಿ ಬಂದಾಗಲೂ ಅದೇ ನಡುಕ. ಹೀಗಿರುವಾಗ ‘ಟವರೇ ಬೇಡ, ನೇರವಾಗಿ ಆಕಾಶದಿಂದ ನೆಟ್’ ಎಂದರೆ ಯಾರ ಕಿವಿ ನೆಟ್ಟಗಾಗುವುದಿಲ್ಲ ಹೇಳಿ?

2025ರಲ್ಲಿ ಮಳೆ ಮೇ ತಿಂಗಳಲ್ಲೇ ಹಿಡಿಯಿತು. ಜೂನ್‌ನಲ್ಲಿ, ಉಪಗ್ರಹದಿಂದ ಇಂಟರ್ನೆಟ್ ಕೊಡುವ ಅಮೆರಿಕದ ಕಂಪನಿ ಸ್ಟಾರ್‌ಲಿಂಕ್‌ಗೆ ಭಾರತದಲ್ಲಿ ಲೈಸೆನ್ಸ್ ಸಿಕ್ಕಿತು ಎಂದು ಎಲ್ಲ ಕಡೆ ಸುದ್ದಿ ಬಂತು. ಅದರ ಬೆನ್ನಿಗೇ ಬೆಳೆಗಾರರ ಒಂದು ವಾಟ್ಸಾಪ್ ಗುಂಪಿನಲ್ಲಿ ‘ಕೊಡಗಿನ ಮೊದಲ 50 ಮನೆಗಳಿಗೆ ಬುಕಿಂಗ್’ ಎಂಬ ಮೆಸೇಜು. ಮಾರುವವನು ಆ ಕಂಪನಿಯ ಏಜೆಂಟ್ ಎಂದು ಹೇಳಿಕೊಂಡಿದ್ದ. ಕಂಪನಿಗೂ ಅವನಿಗೂ ಯಾವ ಸಂಬಂಧವೂ ಇರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಕುಶಾಲನಗರದಲ್ಲಿ ಡೆಮೊ ಇಟ್ಟಿದ್ದ. ಬಯಲಿನಲ್ಲಿ ಸ್ಟ್ಯಾಂಡ್ ಮೇಲೆ ಬಿಳಿ ಡಿಶ್, ಅದರಿಂದ ಒಂದು ಕೇಬಲ್ ವ್ಯಾನಿನೊಳಗೆ. ವಿಡಿಯೊ ಒಂದು ಸಲವೂ ನಿಲ್ಲದೆ ಓಡಿತು. ನಮ್ಮ ಮನೆಯವರು ಕಣ್ಣಾರೆ ನೋಡಿದ್ದಾರೆ. ಆ ದಿನ ಮಗ ತೆಗೆದ ಫೋಟೊವನ್ನು ಇತ್ತೀಚೆಗೆ ದೊಡ್ಡದು ಮಾಡಿ ನೋಡಿದೆವು. ವ್ಯಾನಿನೊಳಗಿನ ಪೆಟ್ಟಿಗೆಯ ಪಕ್ಕದಲ್ಲಿ ಅರ್ಧ ತೆರೆದ ಸಿಮ್ ಟ್ರೇ ಇತ್ತು. ಕುಶಾಲನಗರದ ಮೊಬೈಲ್ ನೆಟ್ಟನ್ನೇ ನಮಗೆ ಆಕಾಶದ ನೆಟ್ ಎಂದು ತೋರಿಸಿದ್ದ.

15,000 ಮುಂಗಡ, ಡಿಶ್ ಕೈಗೆ ಬಂದ ದಿನ 38,000. ಇನ್ನು ಇದೇ ಸಾಕು ಎಂದು ಲ್ಯಾಂಡ್‌ಲೈನ್ ಸರೆಂಡರ್ ಮಾಡಿದೆವು. ಈ ಒಂದು ಕೆಲಸಕ್ಕೆ ನನ್ನನ್ನು ನಾನು ಇನ್ನೂ ಕ್ಷಮಿಸಿಕೊಂಡಿಲ್ಲ. ಆ ಹಳೇ ಫೋನಿಗೆ ಕರೆಂಟ್ ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು. ಮನೆ ಕತ್ತಲಾದರೂ ಅದರಲ್ಲಿ ಡಯಲ್ ಟೋನ್ ಕೇಳುತ್ತಿತ್ತು.

ಡಿಶ್ ಹಾಕಿದ ಮೇಲೆ ಆ್ಯಪ್‌ನಲ್ಲಿ ಬರೀ ‘ಸರ್ಚಿಂಗ್’. ಕೇಳಿದರೆ ಒಂದೊಂದು ದಿನ ಒಂದೊಂದು ಸಬೂಬು. ಆ ಸಬೂಬುಗಳೆಲ್ಲ ನಿಜವೇ ಆಗಿದ್ದವು, ಅದಕ್ಕೇ ನಾವು ನಂಬಿ ಕೂತೆವು. ‘ಅಕ್ಕಾ, ನಿಮ್ಮಲ್ಲಿ ಸಿಲ್ವರ್ ಮರ ಜಾಸ್ತಿ, ಡಿಶ್‌ಗೆ ಆಕಾಶವೇ ಕಾಣ್ತಿಲ್ಲ’ ಎಂದ. ಮಗ ನೆಟ್ಟಿನಲ್ಲಿ ಓದಿ ನೋಡಿದರೆ ಅದು ಸರಿಯೇ. ಈ ಉಪಗ್ರಹಗಳು ಸುಮಾರು 550 ಕಿ.ಮೀ. ಎತ್ತರದಲ್ಲಿ ಗಂಟೆಗೆ 27,000 ಕಿ.ಮೀ. ವೇಗದಲ್ಲಿ ಓಡುತ್ತವೆ. ಒಂದು ಮರೆಯಾಗುವ ಮೊದಲೇ ಡಿಶ್ ಇನ್ನೊಂದನ್ನು ಹಿಡಿಯಬೇಕು, ಹಾಗಾಗಿ ತಲೆಯ ಮೇಲೆ ಅಗಲವಾದ ಬಯಲು ಆಕಾಶವೇ ಬೇಕು. ಮನೆಯ ಹಿಂದೆ ಕಾಫಿಗೆ ನೆರಳಿಗೆಂದು ಬೆಳೆಸಿದ್ದ ಎರಡು ಸಿಲ್ವರ್ ಮರ ಕಡಿಸಿದೆವು. ಎರಡಕ್ಕೂ ತುದಿಯವರೆಗೆ ಮೆಣಸಿನ ಬಳ್ಳಿ ಹಬ್ಬಿತ್ತು. ಮಾವನವರು ಕೈಯಾರೆ ನೆಟ್ಟ ಬಳ್ಳಿಗಳು. ಕಡಿಯುವಾಗ ಅತ್ತೆ ಹೊರಗೆ ಬರಲಿಲ್ಲ.

ಆಮೇಲೆ ‘ಮಳೆ ಜೋರಿದೆ, ನಿಂತ ಮೇಲೆ ಹಿಡಿಯುತ್ತೆ’ ಎಂದ. ಅದೂ ಸುಳ್ಳಲ್ಲ. ಈ ನೆಟ್ ಬರುವ ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು, ದಪ್ಪ ಹನಿಯ ಮಳೆ ಅದನ್ನು ಹೀರಿಬಿಡುತ್ತದೆ. ಕೊನೆಗೆ, ‘ಆ್ಯಕ್ಟಿವೇಷನ್ ನಡೀತಿದೆ, ಡಿಶ್ ಆಫ್ ಮಾಡಲೇಬೇಡಿ’ ಎಂದ. ಕರೆಂಟ್ ಇಲ್ಲದಾಗಲೂ ಯುಪಿಎಸ್ ಮೇಲೆ ಅದನ್ನು ಹಾಗೇ ಓಡಿಸಿದೆವು.

ಆ ರಾತ್ರಿ ಹನ್ನೊಂದರ ಹೊತ್ತಿಗೆ ಅತ್ತೆಯವರಿಗೆ ಉಬ್ಬಸ ಏರಿತು. ಎರಡು ದಿನದಿಂದ ಕರೆಂಟ್ ಇರಲಿಲ್ಲ, ಬೆಳಿಗ್ಗೆ ಅರ್ಧ ಗಂಟೆ ಬಂದು ಹೋಗಿತ್ತು. ಉಸಿರಾಟದ ಔಷಧಿಯನ್ನು ಆವಿಯಂತೆ ಕೊಡುವ ನೆಬುಲೈಜರ್ ಹಾಕಿದರೆ ಎರಡು ನಿಮಿಷ ಗುರ್ ಎಂದು ನಿಂತುಹೋಯಿತು. ಯುಪಿಎಸ್‌ನ ಕೆಂಪು ದೀಪ ಮಿಣುಕಿ ಅದೂ ಆರಿತು. ಲೆಕ್ಕ ಹಾಕಿ ನೋಡಿ: ಅಂಥ ಡಿಶ್ 75 ವ್ಯಾಟ್ ಎಳೆದರೆ ದಿನಕ್ಕೆ 1,800 ವ್ಯಾಟ್ ಅವರ್. ನಮ್ಮ 12 ವೋಲ್ಟ್, 150 ಎಎಚ್ (ಆಂಪಿಯರ್ ಅವರ್) ಬ್ಯಾಟರಿ ತುಂಬಿದ್ದರೂ ಅದರಲ್ಲಿ ಇರುವುದು ಅಷ್ಟೇ, 12ರಿಂದ 150ನ್ನು ಗುಣಿಸಿದಷ್ಟು. ಬರದ ನೆಟ್ಟಿಗಾಗಿ ಹಗಲೆಲ್ಲ ಬ್ಯಾಟರಿ ಬಸಿದುಹೋಗಿತ್ತು. ಟವರ್ ಸತ್ತಿತ್ತು. ಲ್ಯಾಂಡ್‌ಲೈನ್ ಇದ್ದ ಜಾಗದಲ್ಲಿ ಗೋಡೆಯ ಮೇಲೆ ಬರೀ ಎರಡು ಮೊಳೆ.

ತೋಟದ ಕೆಲಸದವರು ಇರುವ ಲೈನ್ ಮನೆಯ ಹುಡುಗ ಟಾರ್ಚ್ ಹಿಡಿದು ಆ ಮಳೆಯಲ್ಲೇ ಮೇಲಿನ ಗುಡ್ಡಕ್ಕೆ ಓಡಿದ. ಅಲ್ಲೊಂದು ಬಂಡೆಯ ಮೇಲೆ ನಿಂತರೆ ಮಡಿಕೇರಿ ಕಡೆಯ ಟವರ್ ಸಿಗುತ್ತದೆ. ಅಲ್ಲಿಂದ ಅವನು ಪಕ್ಕದ ತೋಟದವರಿಗೆ ಫೋನ್ ಮಾಡಿ, ಅವರು ಜೀಪ್ ತಂದು, ಮಡಿಕೇರಿಯ ಆಸ್ಪತ್ರೆ ಮುಟ್ಟುವಾಗ ಒಂದೂವರೆ. ಅತ್ತೆ ಬದುಕಿದರು. ದಾರಿಯುದ್ದಕ್ಕೂ ನನ್ನ ಕೈ ಹಿಡಿದಿದ್ದ ಅವರ ಬೆರಳುಗಳ ಬಿಗಿ ಇನ್ನೂ ನೆನಪಿದೆ.

ಮರುವಾರ ಪರಿಚಯದ ವಕೀಲರೊಬ್ಬರು ಡಿಶ್ ನೋಡಿದವರೇ, ‘ಇದನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ತಪ್ಪು, ಗೊತ್ತಾ?’ ಎಂದರು. ಗೊತ್ತಿರಲಿಲ್ಲ. ಲೈಸೆನ್ಸ್ ಇಲ್ಲದೆ ವೈರ್‌ಲೆಸ್ ಉಪಕರಣ ಇಟ್ಟುಕೊಳ್ಳುವಂತಿಲ್ಲ ಎಂಬ ಕಾನೂನು 1933ರಿಂದಲೇ ಇದೆ. 2023ರ ದೂರಸಂಪರ್ಕ ಕಾಯ್ದೆಯೂ ಅದನ್ನೇ ಹೇಳುತ್ತದೆ. ಲೈಸೆನ್ಸ್ ಸಿಕ್ಕಿತು ಎಂಬ ಸುದ್ದಿಯನ್ನು ನಾವು ಸೇವೆ ಶುರುವಾಯಿತು ಎಂದು ಓದಿಕೊಂಡಿದ್ದೆವು. ಅವೆರಡೂ ಬೇರೆ ಬೇರೆ. ಜೂನ್‌ನಲ್ಲಿ ದೂರಸಂಪರ್ಕ ಇಲಾಖೆಯ ಲೈಸೆನ್ಸ್, ಜುಲೈನಲ್ಲಿ ಬಾಹ್ಯಾಕಾಶ ಕ್ಷೇತ್ರದ ಇನ್‌ಸ್ಪೇಸ್ ಸಂಸ್ಥೆಯ ಒಪ್ಪಿಗೆ. ಅದಾದ ಮೇಲೂ ಸ್ಪೆಕ್ಟ್ರಮ್ (ರೇಡಿಯೊ ತರಂಗಗಳ) ಹಂಚಿಕೆ, ಭದ್ರತಾ ಪರೀಕ್ಷೆ ಎಲ್ಲ ಬಾಕಿ ಇದ್ದವು. 2025ರ ಸೆಪ್ಟೆಂಬರಿನಲ್ಲಿ ನಾನು ಇದನ್ನು ಬರೆಯುವಾಗಲೂ ಮನೆಗಳಿಗೆ ಸೇವೆ ಶುರುವಾಗಿಲ್ಲ. ಉಪಗ್ರಹ ನಮ್ಮ ತಲೆಯ ಮೇಲೆ ಹಾದುಹೋದರೂ ಆಗ ನಮ್ಮ ದೇಶದ ಮನೆಗಳಿಗೆ ಸಿಗ್ನಲ್ ಬಿಡುತ್ತಿರಲಿಲ್ಲ. ನಾವು ಇಡೀ ತೋಟದ ಮರ ಕಡಿದರೂ ‘ಸರ್ಚಿಂಗ್’ ಎಂದೇ ಬರುತ್ತಿತ್ತು. ಇದೇ ಕಂಪನಿಗೆ ಇಲ್ಲಿ ಲೈಸೆನ್ಸ್ ಇಲ್ಲ, ಯಾರೂ ಬುಕ್ ಮಾಡಬೇಡಿ ಎಂದು 2021ರ ನವೆಂಬರಿನಲ್ಲೇ ಸರ್ಕಾರ ಪ್ರಕಟಣೆ ಕೊಟ್ಟಿತ್ತು. ಕಂಪನಿ ಮುಂಗಡ ವಾಪಸ್ ಮಾಡಿತ್ತು. ಆಗ ಅದು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ.

ಡಿಶ್ಶನ್ನು ನಾವೇ ಠಾಣೆಗೆ ತೆಗೆದುಕೊಂಡು ಹೋಗಿ, ಹೇಗೆ ಬಂತೆಂದು ಬರೆದುಕೊಟ್ಟು, ಸ್ವೀಕೃತಿ ಪಡೆದೆವು. ಯಾರ ಮನೆಯಲ್ಲಾದರೂ ಇದ್ದರೆ ಅಟ್ಟದ ಮೇಲೆ ಮುಚ್ಚಿಡಬೇಡಿ. ಇನ್ನೊಬ್ಬರಿಗೆ ಮಾರುವುದಂತೂ ಬೇಡವೇ ಬೇಡ. ಮೊದಲು ಒಬ್ಬ ವಕೀಲರನ್ನು ಕೇಳಿ.

ಇದಕ್ಕೆ ಹೊಂದಿದ ಇನ್ನೊಂದು ಮಾತು. ಅಮೆರಿಕದಲ್ಲಿರುವ ನನ್ನ ಅಣ್ಣನ ಮಗ ಈ ಸುದ್ದಿ ಕೇಳಿ, ‘ಹುತ್ತರಿ ಹಬ್ಬಕ್ಕೆ ಬರುವಾಗ, ಟವರ್ ಇಲ್ಲದೆಯೂ ಮೆಸೇಜು ಕಳಿಸುವ ಸ್ಯಾಟಲೈಟ್ ಮೆಸೆಂಜರ್ ತರುತ್ತೇನೆ ಅತ್ತೆ, ತಡಿಯಂಡಮೋಳು ಹತ್ತಲೂ ಆಯಿತು, ನಿಮ್ಮ ಮನೆಗೂ ಆಯಿತು’ ಎಂದ. ಪ್ರೀತಿಯಿಂದಲೇ ಹೇಳಿದ್ದು. ಬೇಡವೆಂದು ಗಟ್ಟಿಯಾಗಿ ಹೇಳಿದೆ. ಇರಿಡಿಯಂ, ತುರಾಯಾ ಉಪಗ್ರಹಗಳಿಗೆ ಮಾತಾಡುವ ಉಪಕರಣಗಳಿಗೆ ನಮ್ಮಲ್ಲಿ ಅನುಮತಿ ಇಲ್ಲ. ಗಾರ್ಮಿನ್ ಇನ್‌ರೀಚ್ ಎಂಬ ಅಂಥದೇ ಮೆಸೆಂಜರ್ ಇಟ್ಟುಕೊಂಡಿದ್ದ ಕೆನಡಾದ ಓಟಗಾರ್ತಿಯೊಬ್ಬರನ್ನು 2024ರ ಡಿಸೆಂಬರಿನಲ್ಲಿ ಗೋವಾ ವಿಮಾನ ನಿಲ್ದಾಣದಲ್ಲೇ ತಡೆದಿದ್ದರು. ಐಫೋನಿನಲ್ಲಿರುವ ಸ್ಯಾಟಲೈಟ್ ಎಸ್‌ಒಎಸ್ ಕೂಡ ಭಾರತದಲ್ಲಿ ಕೆಲಸ ಮಾಡುವುದಿಲ್ಲ, ಅದನ್ನು ನಂಬಿಕೊಂಡು ಬ್ರಹ್ಮಗಿರಿ, ಪುಷ್ಪಗಿರಿ ಹತ್ತಬೇಡಿ. ಹೊರದೇಶದಿಂದ ಬರುವ ನಿಮ್ಮ ಮಕ್ಕಳಿಗೂ ನೆಂಟರಿಗೂ ಇದನ್ನು ಮೊದಲೇ ತಿಳಿಸಿ.

ನಾವು ಲ್ಯಾಂಡ್‌ಲೈನಿಗೆ ಮತ್ತೆ ಅರ್ಜಿ ಹಾಕಿದ್ದೇವೆ. ನೆಬುಲೈಜರಿಗೆಂದೇ ಬೇರೆ ಸಣ್ಣ ಬ್ಯಾಟರಿ ಇಟ್ಟಿದ್ದೇವೆ, ಅದಕ್ಕೆ ಬೇರೇನೂ ಜೋಡಿಸುವುದಿಲ್ಲ. ಗುಡ್ಡದ ಬಂಡೆಗೆ ಹೋಗುವ ದಾರಿಯ ಕಾಡು ಸವರಿಸಿದ್ದೇವೆ. ಜಿಲ್ಲಾ ಕಂಟ್ರೋಲ್ ರೂಮಿನ 1077, ತುರ್ತು ನಂಬರ್ 112 ಎರಡನ್ನೂ ಲೈನ್ ಮನೆಯ ಗೋಡೆಗಳ ಮೇಲೂ ಬರೆಸಿದ್ದೇವೆ.

ಹಣ ಕೊಟ್ಟಾಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾವು ನಾಚಿಕೆಯಿಂದ ಮೂರು ವಾರ ಸುಮ್ಮನಿದ್ದೆವು, ಅಷ್ಟರಲ್ಲಿ ಆ ಖಾತೆ ಖಾಲಿಯಾಗಿತ್ತು. ಸಿಟ್ಟಿನಲ್ಲಿ ಅವನ ನಂಬರ್ ಬ್ಲಾಕ್ ಮಾಡಿ ಚಾಟ್ ಅಳಿಸಬೇಡಿ. ಠಾಣೆಯಲ್ಲಿ ಮೊದಲು ಕೇಳಿದ್ದು ಅದನ್ನೇ.