ದುಡ್ಡಿಲ್ಲದೆ ನೋಡಬಹುದಾದ ಸ್ಮಾರಕಗಳಿಗೆ 950 ಯೂರೋ ತೆತ್ತೆವು: ಯುದ್ಧಭೂಮಿ ಪ್ರವಾಸಕ್ಕೆ ಹೊರಟ ಶಿಕ್ಷಕರ ಗಮನಕ್ಕೆ

ವಿದ್ಯಾರ್ಥಿಗಳನ್ನು ಬೆಲ್ಜಿಯಂ ಮತ್ತು ಫ್ರಾನ್ಸಿನಲ್ಲಿರುವ ಮೊದಲನೆಯ ಮಹಾಯುದ್ಧದ ರಣಭೂಮಿಗಳಿಗೆ ಕರೆದೊಯ್ಯಲು ಯೋಚಿಸುತ್ತಿರುವ ಶಿಕ್ಷಕರು ಮುಂಗಡ ಕಟ್ಟುವ ಮೊದಲು ಇದನ್ನು ಓದಬೇಕೆಂದು ಕೋರುತ್ತೇನೆ. ಇತಿಹಾಸ ಬೋಧಿಸುವ ನಾನೇ ಹೀಗೆ ಮೋಸಹೋದೆನೆಂದು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಅದೇ ಪ್ರವಾಸ ಸಂಸ್ಥೆ ಅದೇ ಕಾರ್ಯಕ್ರಮ ಪಟ್ಟಿಯನ್ನು ಈಗಲೂ ಶಾಲೆಗಳಿಗೆ ಕಳುಹಿಸುತ್ತಿದೆ.

ನಾವು 38 ವಿದ್ಯಾರ್ಥಿಗಳನ್ನು ಕರೆದೊಯ್ದಿದ್ದೆವು. ಬಿಲ್ಲಿನಲ್ಲಿ ‘ಸ್ಮಾರಕ ಪ್ರವೇಶ ಶುಲ್ಕ’ ಎಂದು ತಲಾ 25 ಯೂರೋ, ಅಂದರೆ ಒಟ್ಟು 950 ಯೂರೋ ನಮೂದಾಗಿತ್ತು. ನಾನು ಪ್ರಶ್ನಿಸಲಿಲ್ಲ. ಬೆಲ್ಜಿಯಂನಲ್ಲಿ ಸುಮಾರು 12,000 ಯೋಧರ ಸಮಾಧಿಗಳಿರುವ ಟೈನ್ ಕಾಟ್ ಸ್ಮಶಾನದ ಬಾಗಿಲಲ್ಲಿ ನಿಂತು, ಮಕ್ಕಳೆಲ್ಲ ಹಿಂದೆ ಸಾಲಾಗಿರುವಾಗ, ಅಲ್ಲಿದ್ದ ಸಿಬ್ಬಂದಿಯೊಬ್ಬರನ್ನು ಟಿಕೆಟ್ ಎಲ್ಲಿ ತೋರಿಸಬೇಕೆಂದು ಕೇಳಿದೆ. ಆಕೆ ಕ್ಷಣಕಾಲ ನನ್ನ ಮುಖ ನೋಡಿ, “ಟಿಕೆಟ್ಟೇ? ಇದು ಸ್ಮಶಾನವಲ್ಲವೇ?” ಎಂದರು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಸತ್ತವರನ್ನು ನೋಡಲು ಯಾರೂ ದುಡ್ಡು ಕೇಳುವುದಿಲ್ಲವೆಂಬ ಇಷ್ಟು ಸಣ್ಣ ಸಂಗತಿ ನನಗೆ ಹೊಳೆಯದೇ ಹೋಯಿತಲ್ಲ! ಅದಕ್ಕೂ ಎರಡು ದಿನ ಹಿಂದೆ, ಸಮಾಧಿ ಸಿಗದ 72,000ಕ್ಕೂ ಹೆಚ್ಚು ಯೋಧರ ಹೆಸರುಗಳಿರುವ ಫ್ರಾನ್ಸಿನ ಥೀಪ್ವಾಲ್ ಸ್ಮಾರಕದೊಳಗೂ ನಾವು ಟಿಕೆಟ್ಟಿಲ್ಲದೆಯೇ ನಡೆದುಹೋಗಿದ್ದೆವು, ಆಗಲೂ ನನಗೆ ಅನುಮಾನ ಬಂದಿರಲಿಲ್ಲ.

ಸಂಸ್ಥೆಯವರಿಗೆ ಅಲ್ಲಿಂದಲೇ ಕರೆ ಮಾಡಿದೆ. “ಅದು ಪ್ರವೇಶ ಶುಲ್ಕವಲ್ಲ ಸರ್, ಪ್ರವೇಶದ ನಿರ್ವಹಣಾ ಶುಲ್ಕ,” ಎಂಬ ಉತ್ತರ ಬಂತು. ಯಾವ ಪ್ರವೇಶ, ಯಾವ ನಿರ್ವಹಣೆ? ತೆರೆದ ಬಾಗಿಲನ್ನು ಇವರು ಹೇಗೆ ನಿರ್ವಹಿಸಿದರೋ ನನಗೆ ಇಂದಿಗೂ ತಿಳಿಯದು.

ದುಡ್ಡಿಗಿಂತ ಹೆಚ್ಚು ನೋಯಿಸಿದ್ದು ಮುಂದಿನದು. ಬೆಲ್ಜಿಯಂನ ಈಪ್ರ್ ಪಟ್ಟಣದಲ್ಲಿ ವಸತಿ ಎಂದು ಹೇಳಿ, ಕರಾರಿನಲ್ಲಿದ್ದ ‘ಅಥವಾ ತತ್ಸಮಾನ ಹೋಟೆಲ್’ ಎಂಬ ಮೂರು ಪದಗಳ ಬಲದಿಂದ ನಮ್ಮನ್ನು ಪ್ಯಾರಿಸ್ಸಿನ ಹೊರವಲಯದಲ್ಲಿ ಇಳಿಸಿದ್ದರು. ಅಲ್ಲಿಂದ ಈಪ್ರ್‌ಗೆ ಹೋಗಲು ಮೂರು ಗಂಟೆ, ಬರಲು ಮೂರು ಗಂಟೆ. ಯುರೋಪಿನಲ್ಲಿ ಬಸ್ ಚಾಲಕರ ದುಡಿಮೆಯ ಅವಧಿಗೂ ವಿಶ್ರಾಂತಿಗೂ ಕಟ್ಟುನಿಟ್ಟಿನ ಮಿತಿಯಿದೆ. ದಿನಕ್ಕೆ ಸಾಮಾನ್ಯವಾಗಿ 9 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ, ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ಬಿಡುವು ಕಡ್ಡಾಯ. ಚಾಲಕನದು ತಪ್ಪಲ್ಲ, ಆತ ಪ್ರಾಮಾಣಿಕವಾಗಿ ಸಂಜೆ ಆರಕ್ಕೇ ಹೊರಡಬೇಕೆಂದ. ಈಪ್ರ್‌ನ ಯುದ್ಧ ಸ್ಮಾರಕವಾದ ಮೆನಿನ್ ಗೇಟಿನಡಿ, ಮಡಿದ ಯೋಧರ ನೆನಪಿಗೆಂದು 1928ರಲ್ಲಿ ಶುರುವಾಗಿ ಈಗ ಪ್ರತಿ ಸಂಜೆ ಊದುವ ಲಾಸ್ಟ್ ಪೋಸ್ಟ್ ಕಹಳೆ ಮೊಳಗುವುದು ರಾತ್ರಿ ಎಂಟಕ್ಕೆ. ಅದನ್ನು ಕೇಳಲೆಂದೇ ಹೋದವರು ನಾವು. ಅಲ್ಲಿ ಹೂಮಾಲೆ ಇಡಲು ಮೊದಲೇ ಅರ್ಜಿ ಹಾಕಿರಬೇಕು. ‘ಎಲ್ಲ ಮುಗಿದಿದೆ’ ಎಂದಿದ್ದ ಸಂಸ್ಥೆಯವರು ಅದನ್ನೂ ಹಾಕಿರಲಿಲ್ಲವೆಂದು ಅನಂತರ ತಿಳಿಯಿತು.

ಫ್ರಾನ್ಸಿನ ನವ್ ಶಪೆಲ್‌ನಲ್ಲಿರುವ ಭಾರತೀಯ ಸ್ಮಾರಕವನ್ನಂತೂ ಹೇಳದೆ ಕೇಳದೆ ಕೈಬಿಟ್ಟರು. ಈಪ್ರ್‌ನಿಂದ ಅದು ಒಂದು ಗಂಟೆಯೊಳಗಿನ ದಾರಿ. ಸಮಾಧಿಯೂ ಸಿಗದ 4,700ಕ್ಕೂ ಹೆಚ್ಚು ಭಾರತೀಯ ಯೋಧರ ಮತ್ತು ಕಾರ್ಮಿಕರ ಹೆಸರುಗಳು ಅಲ್ಲಿವೆ. 1915ರ ಮಾರ್ಚ್ 10ರಂದು ಅಲ್ಲೇ ಮಡಿದು ಬ್ರಿಟನ್ನಿನ ಅತ್ಯುನ್ನತ ಶೌರ್ಯಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದ ಗಬರ್ ಸಿಂಗ್ ನೇಗಿಯ ಬಗ್ಗೆ ನಮ್ಮ ವಿದ್ಯಾರ್ಥಿನಿಯೊಬ್ಬಳು ಎರಡು ಪುಟ ಬರೆದು, ಆ ಹೆಸರಿನೆದುರು ನಿಂತು ಓದಬೇಕೆಂದು ತಿಂಗಳಿಂದ ತಯಾರಾಗಿದ್ದಳು. ಇದನ್ನು ಹೇಳಿದಾಗ ಸಂಸ್ಥೆಯವರಿಂದ ಬಂದ ಉತ್ತರ: “ಮೆನಿನ್ ಗೇಟಿನಲ್ಲೂ ಭಾರತೀಯರ ಹೆಸರುಗಳಿವೆಯಲ್ಲ ಸರ್, ಅಲ್ಲೇ ಓದಿಸಿಬಿಡಿ.” ಇವೆ, ನಿಜ. ನೇಗಿಯ ಹೆಸರು ಅಲ್ಲಿಲ್ಲ. ಅವಳು ಬಸ್ಸಿನಲ್ಲಿ ಆ ಹಾಳೆಗಳನ್ನು ಮಡಚಿ ಚೀಲಕ್ಕಿಟ್ಟುಕೊಂಡಳು, ನಾನು ಕಿಟಕಿಯಾಚೆ ನೋಡುತ್ತ ಕುಳಿತೆ.

ಹೋಗುವವರು ಹೋಟೆಲಿನ ಹೆಸರು ಮತ್ತು ಊರನ್ನು ಕರಾರಿನಲ್ಲೇ ಬರೆಸಿಕೊಳ್ಳಿ, ‘ತತ್ಸಮಾನ’ ಎಂಬ ಪದ ಕಂಡರೆ ಹೊಡೆದುಹಾಕಿಸಿ. ಪ್ರವೇಶ ಶುಲ್ಕವೆಂದರೆ ಯಾವ ಸ್ಥಳಕ್ಕೆ ಎಷ್ಟೆಂದು ಕೇಳಿ. ಈಪ್ರ್‌ನ ವಸ್ತುಸಂಗ್ರಹಾಲಯಕ್ಕೆ ಟಿಕೆಟ್ ಉಂಟು, ಸ್ಮಶಾನಗಳಿಗಿಲ್ಲ. ಹೂಮಾಲೆಯ ಅರ್ಜಿಯನ್ನು ನೀವೇ ಹಾಕಿ, ಯಾರನ್ನೂ ನಂಬಬೇಡಿ.

ನಾನು ಮೂರು ಪತ್ರ ಬರೆದೆ. ಮೊದಲೆರಡಕ್ಕೆ ಉತ್ತರವಿಲ್ಲ. ಮೂರನೆಯದಕ್ಕೆ ಬಂದ ಉತ್ತರದಲ್ಲಿ 950 ಯೂರೋಗಳ ಪ್ರಸ್ತಾಪವೇ ಇರಲಿಲ್ಲ. ಮುಂದಿನ ವರ್ಷವೂ ತಮ್ಮೊಂದಿಗೇ ಬಂದರೆ ಶೇಕಡ 10ರಷ್ಟು ರಿಯಾಯಿತಿ ಕೊಡುವುದಾಗಿ ತಿಳಿಸಿದ್ದರು.